ಶೆಲ್ಲಿನ ಹೊಟ್ಟೆ, ಶೆಲ್ಲಿನ ಆಯಸ್ಸು

ರಾತ್ರಿ ಹತ್ತೂವರೆಗೆ ಅಮ್ಮನಿಗೆ ತಲೆ ಸುತ್ತಿತು. ಬಿ.ಪಿ. ಯಂತ್ರ ತೆಗೆದು ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದೆ. ಪಟ್ಟಿ ಅರ್ಧ ಉಬ್ಬಿ, ಉಸ್ಸೆಂದು ಕುಸಿಯಿತು. ಪರದೆಯ ಮೇಲೆ ಖಾಲಿ ಬ್ಯಾಟರಿಯ ಚಿತ್ರ ಮಿಣುಕತೊಡಗಿತು.

"ಮೊನ್ನೆ ತಾನೇ ಹೊಸ ಶೆಲ್ಲು ಹಾಕಿದ್ಯಲ್ಲೋ, ಜಾಸ್ತಿ ದುಡ್ಡು ಕೊಟ್ಟು ತಂದಿದ್ದು ಅಂತ ಬೇರೆ ಹೇಳಿದ್ದೆ" ಎಂದಳು ಅಮ್ಮ, ತಲೆ ಸುತ್ತಿನ ನಡುವೆಯೂ.

ಅಮ್ಮನ ಮೊನ್ನೆ ಎಂದರೆ ಎರಡೂವರೆ ತಿಂಗಳ ಹಿಂದೆ. ಯಂತ್ರಕ್ಕೆ ನಾಲ್ಕು ಶೆಲ್ಲು ಬೇಕು. ನಡುಮನೆಯ ಗಡಿಯಾರದಿಂದ ಒಂದು, ಅಡುಗೆಮನೆಯ ಗಡಿಯಾರದಿಂದ ಒಂದು, ಮಗಳ ಆಟಿಕೆ ರೈಲಿನಿಂದ ಎರಡು ಕಿತ್ತು ಹಾಕಿದೆ. ಬಿ.ಪಿ. 128–82 ಇತ್ತು. ಅಂದು ಏಕಾದಶಿ, ತಲೆ ಸುತ್ತಿದ್ದು ಉಪವಾಸಕ್ಕೆ. ಅಮ್ಮ ಒಂದು ಲೋಟ ಹಾಲು ಕುಡಿದು ಮಲಗಿದಳು. ನನಗೆ ಮಾತ್ರ ನಿದ್ದೆ ಬರಲಿಲ್ಲ. ಮನೆಯ ಎರಡೂ ಗಡಿಯಾರ ಹತ್ತೂ ನಲವತ್ತಕ್ಕೆ ನಿಂತಿದ್ದವು, ಕೈಯಲ್ಲಿ 2700 ಎಂದು ದಪ್ಪಕ್ಷರದಲ್ಲಿ ಬರೆದಿದ್ದ ನಾಲ್ಕು ದುಬಾರಿ ಶೆಲ್ಲುಗಳಿದ್ದವು. ಬಿ.ಪಿ. ನೋಡುತ್ತಿದ್ದದ್ದು ವಾರಕ್ಕೆರಡು ಸಲ. ಅಷ್ಟಕ್ಕೇ ಇವು ಹೇಗೆ ಖಾಲಿಯಾದವು?

ಅಂಗಡಿಯಲ್ಲಿ ನಡೆದದ್ದು ನೆನಪಾಯಿತು. ರೀಚಾರ್ಜ್ ಆಗುವ ಪೆನ್ಸಿಲ್ ಸೆಲ್ ಕೇಳಿದ್ದಕ್ಕೆ ಹುಡುಗ ಎರಡು ಪ್ಯಾಕೆಟ್ ಇಟ್ಟು, "ಎರಡು ಸಾವಿರದ್ದಾ ಸಾರ್, ಎರಡು ಸಾವಿರದ ಏಳ್ನೂರದ್ದಾ?" ಎಂದಿದ್ದ. ಈ ಪ್ರಶ್ನೆಗೆ ನಮ್ಮಲ್ಲಿ ನೂರಕ್ಕೆ ತೊಂಬತ್ತು ಜನ ಕೊಡುವ ಉತ್ತರವನ್ನೇ ನಾನೂ ಕೊಟ್ಟಿದ್ದೆ. ದೊಡ್ಡ ಸಂಖ್ಯೆ ಇರುವಾಗ ಸಣ್ಣದನ್ನು ಯಾರು ಒಯ್ಯುತ್ತಾರೆ?

ಆ ಉತ್ತರ ತಪ್ಪಾಗಿತ್ತು. ಯಾಕೆಂದು ತಿಳಿಯಲು ಶೆಲ್ಲಿನ ಹೊಟ್ಟೆಯೊಳಗೆ ಒಮ್ಮೆ ಇಣುಕಬೇಕು.

ಸಂಖ್ಯೆ ಹೇಳುವುದೇನು?

ಶೆಲ್ಲಿನ ಮೇಲಿನ ಎಂ.ಎ.ಎಚ್. ಎಂದರೆ ಮಿಲಿ ಆಂಪಿಯರ್ ಗಂಟೆ. ತಾರಸಿಯ ಮೇಲಿನ ಸಿಂಟೆಕ್ಸಿಗೆ ಲೀಟರ್ ಹೇಗೋ ಶೆಲ್ಲಿಗೆ ಇದು ಹಾಗೆ. 2000 ಎಂ.ಎ.ಎಚ್. ಶೆಲ್ಲಿನಿಂದ 200 ಮಿಲಿ ಆಂಪಿಯರಿನಂತೆ ಎಳೆದರೆ ಹತ್ತು ಗಂಟೆ ಬರುತ್ತದೆ, 500ರಂತೆ ಎಳೆದರೆ ಹೆಚ್ಚುಕಡಿಮೆ ನಾಲ್ಕು ಗಂಟೆ. ಟ್ಯಾಂಕು ದೊಡ್ಡದಾದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ರಭಸವಾಗಿ ಬರುವುದಿಲ್ಲ. ಹಾಗೆಯೇ ಎಂ.ಎ.ಎಚ್. ಹೆಚ್ಚಾದರೆ ಟಾರ್ಚಿನ ಬೆಳಕೇನೂ ಪ್ರಖರವಾಗುವುದಿಲ್ಲ, ಇನ್ನಷ್ಟು ಹೊತ್ತು ಉರಿಯುತ್ತದೆ. ರಭಸವನ್ನು ತೀರ್ಮಾನಿಸುವ ವೋಲ್ಟೇಜು ಸಾಧಾರಣ ರೀಚಾರ್ಜ್ ಶೆಲ್ಲಿಗೂ ಹೆಚ್ಚು ಸಾಮರ್ಥ್ಯದ ರೀಚಾರ್ಜ್ ಶೆಲ್ಲಿಗೂ ಒಂದೇ: 1.2 ವೋಲ್ಟು.

"ಮಾಮೂಲಿ ಶೆಲ್ಲು 1.5 ವೋಲ್ಟು, ಇದು 1.2. ಸಾಲುತ್ತದೆಯೇ?" ಎಂದು ಕೇಳುವವರಿದ್ದಾರೆ. ಬಹುತೇಕ ಕಡೆ ಸಾಲುತ್ತದೆ. ಬಿಸಾಡುವ ಆಲ್ಕಲೈನ್ ಶೆಲ್ಲು 1.5ರಲ್ಲಿ ಶುರುವಾದರೂ ಬಳಸುತ್ತ ಹೋದಂತೆ ಇಳಿಜಾರಿನಲ್ಲಿ ಜಾರುತ್ತದೆ, ಅರ್ಧ ಆಯಸ್ಸು ಕಳೆಯುವ ಹೊತ್ತಿಗೆ 1.2ರ ಆಸುಪಾಸಿಗೆ ಬಂದಿರುತ್ತದೆ. ರೀಚಾರ್ಜ್ ಶೆಲ್ಲು ಅದೇ 1.2ರಲ್ಲಿ ಕೊನೆಯವರೆಗೂ ಬಯಲುಸೀಮೆಯ ರಸ್ತೆಯಂತೆ ಸಮನಾಗಿ ಸಾಗಿ, ಕಡೆಗೊಮ್ಮೆ ಇಳಿಯುತ್ತದೆ. ಹೆಚ್ಚು ಕರೆಂಟು ಎಳೆಯುವ ಕೆಲಸದಲ್ಲಂತೂ ಆಲ್ಕಲೈನ್ ಬೇಗ ಸುಸ್ತಾಗುತ್ತದೆ, ಇದು ಆಗುವುದಿಲ್ಲ.

ಇಂದು ಅಂಗಡಿಯಲ್ಲಿ ಸಿಗುವ ರೀಚಾರ್ಜ್ ಪೆನ್ಸಿಲ್ ಸೆಲ್ಲುಗಳಲ್ಲಿ ಹೆಚ್ಚಿನವು ನಿಕಲ್ ಮೆಟಲ್ ಹೈಡ್ರೈಡ್ ಜಾತಿಯವು. ಇವುಗಳ ಅಜ್ಜ ನಿಕಲ್ ಕ್ಯಾಡ್ಮಿಯಂ ಶೆಲ್ಲನ್ನು 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ರೂಪಿಸಿದ. ಕ್ಯಾಡ್ಮಿಯಂ ವಿಷ. ಅದರ ಜಾಗಕ್ಕೆ ಹೈಡ್ರೋಜನ್ನನ್ನು ಹೀರಿಕೊಳ್ಳುವ ಮಿಶ್ರಲೋಹವನ್ನು ತರಲು ದಶಕಗಳೇ ಹಿಡಿದವು. ಹಾಲೆಂಡಿನ ಫಿಲಿಪ್ಸ್ ಪ್ರಯೋಗಾಲಯ, ಅಮೆರಿಕದ ಸ್ಟ್ಯಾನ್‌ಫರ್ಡ್ ಓವ್ಷಿನ್ಸ್ಕಿಯ ಸಂಸ್ಥೆ, ಜಪಾನಿನ ಕಂಪನಿಗಳು ಎಲ್ಲವೂ ಇದರಲ್ಲಿ ಬೆವರು ಹರಿಸಿವೆ. ಮಾರುಕಟ್ಟೆಗೆ ಬಂದದ್ದು 1990ರ ಆಸುಪಾಸಿನಲ್ಲಿ.

ಆಗಿನ ಮೆಟಲ್ ಹೈಡ್ರೈಡ್ ಶೆಲ್ಲಿಗೆ ಒಂದು ಕೆಟ್ಟ ಚಾಳಿಯಿತ್ತು. ಬಳಸದೆ ಸುಮ್ಮನೆ ಇಟ್ಟರೂ ಸೋರುತ್ತಿತ್ತು. ಸೋರುತ್ತಿದ್ದದ್ದು ನೀರಲ್ಲ, ಚಾರ್ಜು. ತಿಂಗಳೊಳಗೆ ಕಾಲು ಭಾಗ ಮಾಯವಾದರೂ ಆಶ್ಚರ್ಯವಿರಲಿಲ್ಲ. 2005ರ ನವೆಂಬರಿನಲ್ಲಿ ಜಪಾನಿನ ಸ್ಯಾನ್ಯೊ ಕಂಪನಿ ಎನೆಲೂಪ್ ಎಂಬ ಶೆಲ್ಲು ತಂದು ಈ ಸೋರಿಕೆಗೆ ತಡೆ ಹಾಕಿತು. ಮಿಶ್ರಲೋಹವನ್ನೂ ಎರಡು ಧ್ರುವಗಳ ನಡುವಿನ ತೆಳು ಹಾಳೆಯನ್ನೂ ಬದಲಿಸಿ, ವರ್ಷ ಕಳೆದರೂ ನೂರರಲ್ಲಿ 85 ಪಾಲು ಉಳಿಯುವಂತೆ ಮಾಡಿತು. ಹಾಗಾಗಿಯೇ ಕಾರ್ಖಾನೆಯಲ್ಲೇ ಚಾರ್ಜ್ ಮಾಡಿ ಮಾರುವುದು ಸಾಧ್ಯವಾಯಿತು. ಸ್ಯಾನ್ಯೊ ಆಮೇಲೆ ಪ್ಯಾನಸಾನಿಕ್ ಪಾಲಾಯಿತು. ಇಂದು ಬೇರೆ ಕಂಪನಿಗಳೂ ಇಂಥ ಸೋರದ ಶೆಲ್ಲು ಮಾಡುತ್ತವೆ.

ನನ್ನ ಕೈಗೆ ಬಂದದ್ದು ಹಳೆಯ ಚಾಳಿಯ, ದೊಡ್ಡ ಸಂಖ್ಯೆಯ ಶೆಲ್ಲು. ಅಮ್ಮನ ಯಂತ್ರದಲ್ಲಿ ಅದು ದುಡಿದು ಖಾಲಿಯಾದದ್ದಲ್ಲ. ಕೂತಲ್ಲೇ ಖಾಲಿಯಾಗಿತ್ತು.

ಇಡ್ಲಿ ಹಿಟ್ಟಿನ ಪಾತ್ರೆ

ಸೋರಿಕೆಯ ಕಥೆ ಅರ್ಧ ಮಾತ್ರ. ಸೋರದ ಜಾತಿಯಲ್ಲೂ ಇಂದು ಎರಡು ಬಗೆಗಳಿವೆ. 2000 ಎಂ.ಎ.ಎಚ್. ಆಸುಪಾಸಿನ ಸಾಧಾರಣ ಶೆಲ್ಲು ಒಂದು, 2500ರ ಆಸುಪಾಸಿನ ಹೆಚ್ಚು ಸಾಮರ್ಥ್ಯದ್ದು ಇನ್ನೊಂದು. ರಿಮೋಟಿಗೆ ಹಾಕುವ ಸಣ್ಣ ಸೈಜಿನಲ್ಲಿ ಇವು ಸುಮಾರು 750–800 ಮತ್ತು 900–950. ಎರಡನೆಯದು ಬೆಲೆಯಲ್ಲೂ ಮುಂದು. ಹಾಗಾದರೆ ಗುಣದಲ್ಲೂ ಮುಂದಿರಬೇಕಲ್ಲವೇ?

ಪೆನ್ಸಿಲ್ ಸೆಲ್ಲಿನ ಅಳತೆ ಜಗತ್ತಿಗೆಲ್ಲ ಒಂದೇ. ಅಡ್ಡ 14.5 ಮಿಲಿಮೀಟರ್, ಉದ್ದ 50.5 ಮಿಲಿಮೀಟರ್. ಡಬ್ಬಿಯನ್ನು ಹಿಗ್ಗಿಸುವಂತಿಲ್ಲ, ಹಿಗ್ಗಿಸಿದರೆ ಟಾರ್ಚಿನೊಳಗೆ ಹೋಗುವುದಿಲ್ಲ. ಇಷ್ಟೇ ಡಬ್ಬಿಯಲ್ಲಿ ಹೆಚ್ಚು ವಿದ್ಯುತ್ತು ಹಿಡಿಸಬೇಕಾದರೆ ಇನ್ಯಾವುದನ್ನೋ ಕಡಿಮೆ ಮಾಡಬೇಕು. ಒಳಗಿರುವುದಾದರೂ ಏನು? ಒಂದು ನಿಕಲ್ಲಿನ ಪಟ್ಟಿ, ಒಂದು ಮಿಶ್ರಲೋಹದ ಪಟ್ಟಿ, ಅವೆರಡು ತಾಗದಂತೆ ನಡುವೆ ಬಟ್ಟೆಯಂಥ ಒಂದು ಹಾಳೆ. ಈ ಮೂರನ್ನೂ ಚಾಪೆಯಂತೆ ಸುರುಳಿ ಸುತ್ತಿ ಡಬ್ಬಿಗಿಳಿಸಿ, ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ ಹುಯ್ದು ಮುಚ್ಚುತ್ತಾರೆ. ಸಾಮರ್ಥ್ಯ ಹೆಚ್ಚಬೇಕೆಂದರೆ ಪಟ್ಟಿಗಳು ದಪ್ಪವಾಗಬೇಕು. ಆಗ ನಡುವಿನ ಹಾಳೆ ತೆಳುವಾಗುತ್ತದೆ, ದ್ರಾವಣಕ್ಕೆ ಜಾಗ ಕಿರಿದಾಗುತ್ತದೆ.

ಇದು ನನಗೆ ಸರಿಯಾಗಿ ತಲೆಗೆ ಹೋದದ್ದು ಅಮ್ಮ ಇಡ್ಲಿ ಹಿಟ್ಟು ತಿರುವಿಡುವುದನ್ನು ನೋಡಿದಾಗ. ಪಾತ್ರೆಯನ್ನು ಅವಳು ಎಂದೂ ಕಂಠಮಟ್ಟ ತುಂಬಿಸುವುದಿಲ್ಲ. ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಿಸಿ ಉಳಿದದ್ದನ್ನು ಖಾಲಿ ಬಿಡುತ್ತಾಳೆ. ಆ ಖಾಲಿ ಜಾಗ ದಂಡವಲ್ಲ, ರಾತ್ರಿ ಹಿಟ್ಟು ಉಬ್ಬಲು ಬಿಟ್ಟದ್ದು. ಅವಸರದ ಸೊಸೆ ಪೂರ್ತಿ ತುಂಬಿಸಿದಳೋ, ಬೆಳಗ್ಗೆ ಕಟ್ಟೆಯೆಲ್ಲ ಹಿಟ್ಟು.

ಶೆಲ್ಲಿನೊಳಗೂ ಹಿಟ್ಟು ಉಬ್ಬುತ್ತದೆ. ಚಾರ್ಜ್ ಆಗುವಾಗ ಮಿಶ್ರಲೋಹ ಹೈಡ್ರೋಜನ್ನನ್ನು ಹೀರಿ ಹಿಗ್ಗುತ್ತದೆ, ಬಳಸುವಾಗ ಬಿಟ್ಟುಕೊಟ್ಟು ಕುಗ್ಗುತ್ತದೆ. ಪ್ರತಿ ಸಲ ಹಿಗ್ಗಿ ಕುಗ್ಗಿದಾಗಲೂ ಲೋಹದ ಕಣಗಳು ಒಂದಿಷ್ಟು ಬಿರಿಯುತ್ತವೆ. ಬಿರಿದ ಹೊಸ ಮೈಗೆ ದ್ರಾವಣ ತಾಗಿ ತುಕ್ಕು ಹಿಡಿಯುತ್ತದೆ, ತುಕ್ಕು ದ್ರಾವಣದೊಳಗಿನ ನೀರನ್ನು ಕುಡಿಯುತ್ತದೆ, ನಡುವಿನ ಹಾಳೆ ಮೆಲ್ಲಗೆ ಒಣಗುತ್ತದೆ. ಕೊನೆಗೊಂದು ದಿನ ಶೆಲ್ಲು ತುಂಬಿದಂತೆ ಕಾಣುತ್ತದೆ, ಕೆಲಸಕ್ಕೆ ಹಚ್ಚಿದರೆ ಮಂಡಿಯೂರುತ್ತದೆ. ಸಾಧಾರಣ ಶೆಲ್ಲಿನಲ್ಲಿ ದ್ರಾವಣ ಧಾರಾಳ, ಹಾಳೆ ದಪ್ಪ, ಮಿಶ್ರಲೋಹವೂ ಲೆಕ್ಕಕ್ಕಿಂತ ಒಂದಿಷ್ಟು ಹೆಚ್ಚೇ ಇರುತ್ತದೆ. ಹಾಗಾಗಿ ಈ ಸವೆತವನ್ನು ಬಹುಕಾಲ ತಾಳಿಕೊಳ್ಳುತ್ತದೆ. ಕಂಠಮಟ್ಟ ತುಂಬಿದ ಶೆಲ್ಲಿಗೆ ಆ ಅವಕಾಶವಿಲ್ಲ.

ಕಂಪನಿಗಳು ಇದನ್ನು ಮುಚ್ಚಿಟ್ಟಿಲ್ಲ, ಪ್ಯಾಕೆಟ್ಟಿನ ಬೆನ್ನಿಗೆ ಸಣ್ಣಕ್ಷರದಲ್ಲಿ ಬರೆದಿರುತ್ತವೆ. ಎನೆಲೂಪನ್ನೇ ನೋಡಿ. 2000ದ ಸಾಧಾರಣ ಶೆಲ್ಲನ್ನು 2100 ಸಲ ಚಾರ್ಜ್ ಮಾಡಬಹುದೆಂದು ಕಂಪನಿ ಹೇಳಿಕೊಂಡಿದೆ. 2500ರ 'ಪ್ರೊ'ಗೆ ಹೇಳಿದ್ದು 500 ಸಲ. ಸುಮ್ಮನಿಟ್ಟರೆ ಸಾಧಾರಣದ್ದರಲ್ಲಿ ಹತ್ತು ವರ್ಷದ ಮೇಲೂ 70 ಪಾಲು ಉಳಿಯುತ್ತದೆಂಬ ಭರವಸೆ, ಪ್ರೊದಲ್ಲಿ ಒಂದು ವರ್ಷಕ್ಕೆ 85 ಪಾಲು. ಇದೇ ಮನೆತನದಲ್ಲಿ 'ಲೈಟ್' ಎಂಬ ಮೂರನೆಯವನಿದ್ದಾನೆ. ಅವನ ಹೊಟ್ಟೆ ಸುಮಾರು 1000, ಅಂದರೆ ಸಾಧಾರಣದ್ದರ ಅರ್ಧ. ಆಯಸ್ಸು 3000 ಸಲ. ಮೂವರನ್ನೂ ಸಾಲಾಗಿ ನಿಲ್ಲಿಸಿದರೆ ಹೊಟ್ಟೆ ಹಿಗ್ಗಿದಂತೆಲ್ಲ ಆಯಸ್ಸು ಕುಗ್ಗಿದ್ದು ಕಾಣುತ್ತದೆ.

ಒಂದು ಗುಣಾಕಾರ ಮಾಡೋಣ. 2000ವನ್ನು 2100ರಿಂದ ಗುಣಿಸಿದರೆ 42 ಲಕ್ಷ. 2500ನ್ನು 500ರಿಂದ ಗುಣಿಸಿದರೆ ಹನ್ನೆರಡೂವರೆ ಲಕ್ಷ. ಕಡಿಮೆ ಬೆಲೆಯ ಶೆಲ್ಲು ತನ್ನ ಜನ್ಮದಲ್ಲಿ ದುಬಾರಿ ಶೆಲ್ಲಿನ ಮೂರು ಪಟ್ಟಿಗಿಂತ ಹೆಚ್ಚು ದುಡಿಯುತ್ತದೆ. ಇವು ಪ್ರಯೋಗಾಲಯದ ಅಂಕಿಗಳು, ನಮ್ಮ ಮನೆಯಲ್ಲಿ ಎರಡೂ ಇಳಿಯುತ್ತವೆ. ಸುಮ್ಮನಿಟ್ಟಾಗ ಉಳಿಯುವ ಲೆಕ್ಕ 20 ಡಿಗ್ರಿ ಸೆಲ್ಸಿಯಸ್ಸಿನದು. ಏಪ್ರಿಲ್ಲಿನಲ್ಲಿ ನಲವತ್ತು ದಾಟುವ ರಾಯಚೂರಿನಲ್ಲಿ, ಕಲಬುರಗಿಯಲ್ಲಿ ಶೆಲ್ಲು ಬೇಗ ಸೋರುತ್ತದೆ. ಆದರೆ ಇಳಿಯುವಾಗಲೂ ಹಿಂದೆ ಬೀಳುವುದು ದೊಡ್ಡ ಹೊಟ್ಟೆಯದೇ.

ಯಾರ ಹಸಿವು ಎಷ್ಟು?

ಇಲ್ಲಿ ಜಾಣ ಓದುಗರು ನನ್ನನ್ನು ತಡೆಯಬಹುದು. "ಸ್ವಾಮಿ, ನನ್ನ ಬಳಕೆಗೆ ವರ್ಷಕ್ಕೆ ಮೂರು ಸಲ ಚಾರ್ಜ್ ಮಾಡಿದರೆ ಹೆಚ್ಚು. 500 ಸಲವೆಂದರೆ ನೂರೈವತ್ತು ವರ್ಷ ದಾಟುತ್ತದೆ. ನನಗೆ 2100 ಯಾಕೆ ಬೇಕು?"

ನ್ಯಾಯವಾದ ಮಾತು. ಕಡಿಮೆ ಬಳಸುವ ಮನೆಯಲ್ಲಿ ಎಷ್ಟು ಸಲ ಎಂಬ ಲೆಕ್ಕ ನಿಜಕ್ಕೂ ಅರ್ಥವಿಲ್ಲದ್ದು. ಆದರೆ ಅಂಥ ಮನೆಯಲ್ಲಿ ಎಂ.ಎ.ಎಚ್. ಲೆಕ್ಕಕ್ಕೂ ಅರ್ಥವಿಲ್ಲ. ಅಲ್ಲಿ ಶೆಲ್ಲನ್ನು ಮುದಿಯಾಗಿಸುವುದು ಕೆಲಸವಲ್ಲ, ಕ್ಯಾಲೆಂಡರ್. ಅಲ್ಲಿ ಬೇಕಾದದ್ದು ಸುಮ್ಮನೆ ಕೂತು ಕೆಡದಿರುವ, ಸೋರದಿರುವ ಗುಣ, ಮತ್ತು ಅದರಲ್ಲಿ ಸಾಧಾರಣ ಶೆಲ್ಲೇ ಮುಂದು. ಇನ್ನೊಂದು ತುದಿಯಲ್ಲಿ ದಿನವೂ ಖಾಲಿ ಮಾಡಿ ದಿನವೂ ತುಂಬಿಸುವವರಿದ್ದಾರೆ. ಅವರಿಗೆ 500 ಸಲವೆಂದರೆ ಒಂದೂವರೆ ವರ್ಷವೂ ಬಾರದು. 2100 ಎಂದರೆ ಆರು ವರ್ಷದ ಹತ್ತಿರ. ಅಲ್ಲೂ ಸಾಧಾರಣದ್ದೇ ಗೆಲ್ಲುತ್ತದೆ. ಕಡಿಮೆ ಬಳಸುವವರಿಗೂ ಅದೇ, ತುಂಬ ಬಳಸುವವರಿಗೂ ಅದೇ. ಹಾಗಿದ್ದರೆ ಹೆಚ್ಚು ಸಾಮರ್ಥ್ಯದ ಶೆಲ್ಲು ಯಾರಿಗಾಗಿ?

ಉತ್ತರ ಸಿಕ್ಕಿದ್ದು ಮದುವೆಮನೆಯಲ್ಲಿ. ಇಪ್ಪತ್ತು ವರ್ಷದಿಂದ ಮದುವೆ ಫೋಟೊ ತೆಗೆಯುತ್ತಿರುವ ಗೆಳೆಯರೊಬ್ಬರ ಫ್ಲ್ಯಾಶಿಗೆ ನಾಲ್ಕು ಪೆನ್ಸಿಲ್ ಸೆಲ್ಲು ಬೇಕು. "ಧಾರೆ ಎರೆಯೋ ಹೊತ್ತಲ್ಲಿ ಶೆಲ್ ಬದಲಾಯಿಸ್ತಾ ಕೂತ್ರೆ ಆಯ್ತು ಕಥೆ. ಗಟ್ಟಿಮೇಳ ಇನ್ನೊಂದ್ಸಲ ಬಾರಿಸ್ತಾರಾ?" ಎಂದರು. ಬೆಳಗಿನ ನಾಂದಿಯಿಂದ ಮಧ್ಯಾಹ್ನದ ಆರತಕ್ಷತೆಯವರೆಗೆ ಫ್ಲ್ಯಾಶ್ ಹೊಡೆಯುತ್ತಲೇ ಇರಬೇಕು. ಹಿಂದಿನ ರಾತ್ರಿ ತುಂಬಿಸಿದ್ದು ಮರುದಿನವೇ ಖಾಲಿಯಾಗುವುದರಿಂದ ಸೋರಿಕೆಯ ಪ್ರಶ್ನೆಯಿಲ್ಲ. ನಡುವೆ ಬದಲಿಸಲು ಬಿಡುವಿಲ್ಲ, ಎರಡು ವರ್ಷಕ್ಕೊಮ್ಮೆ ಹೊಸ ಶೆಲ್ಲು ಕೊಳ್ಳುವ ಖರ್ಚು ಕಸುಬಿನ ಖರ್ಚಿನಲ್ಲಿ ಸೇರಿಹೋಗುತ್ತದೆ. 2000ಕ್ಕೂ 2500ಕ್ಕೂ ಇರುವ ಕಾಲು ಭಾಗದ ವ್ಯತ್ಯಾಸ ಅವರಿಗೆ ದುಡ್ಡು. ಒಂದೇ ಉಸಿರಿನಲ್ಲಿ ಹೆಚ್ಚು ಹೊತ್ತು ಓಡಬೇಕು, ನಡುವೆ ನಿಲ್ಲಿಸುವಂತಿಲ್ಲ ಎಂಬ ಕೆಲಸ ಯಾವುದೇ ಇರಲಿ, ವೇದಿಕೆಯ ವೈರ್‌ಲೆಸ್ ಮೈಕು, ರಾತ್ರಿಯಿಡೀ ಹೊಲ ಕಾಯುವವರ ಟಾರ್ಚು, ಅಲ್ಲಿ ದೊಡ್ಡ ಹೊಟ್ಟೆಗೆ ಬೆಲೆಯಿದೆ.

ಗೆಳೆಯರು ಇನ್ನೊಂದು ಮಾತನ್ನೂ ಸೇರಿಸಿದರು. ಅವರ ಚೀಲದಲ್ಲಿ ಈಗ ಸಾಧಾರಣ ಶೆಲ್ಲುಗಳ ಮೂರು ಸೆಟ್ಟುಗಳೂ ಇರುತ್ತವೆ. ಛತ್ರದ ಊಟದ ಹೊತ್ತಿಗೆ ಒಂದು ಸೆಟ್ಟು ತೆಗೆದು ಇನ್ನೊಂದು ಹಾಕುವುದು ಅರ್ಧ ನಿಮಿಷದ ಕೆಲಸ.

ಮನೆಗೂ ಈ ಬುದ್ಧಿ ಒಗ್ಗುತ್ತದೆ. ಮಗಳ ಆಟಿಕೆ ರೈಲು 500 ಮಿಲಿ ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. 2000ದ ಜೋಡಿಯಲ್ಲಿ ನಾಲ್ಕು ಗಂಟೆ ಓಡುತ್ತದೆ, 2500ರಲ್ಲಿ ಐದು ಗಂಟೆ. ಆ ಒಂದು ಗಂಟೆಗಾಗಿ ಹೆಚ್ಚಿನ ಬೆಲೆ ಕೊಡುವ ಬದಲು ಸಾಧಾರಣದ್ದನ್ನೇ ಇನ್ನೊಂದು ಜೋಡಿ ತಂದು ಚಾರ್ಜ್ ಮಾಡಿ ಮೇಜಿನ ಖಾನೆಯಲ್ಲಿಟ್ಟರೆ ಇನ್ನೂ ನಾಲ್ಕು ಗಂಟೆ ಸಿಗುತ್ತದೆ. ಒಂದು ಓಡುವಾಗ ಇನ್ನೊಂದು ಚಾರ್ಜಿಗೆ.

ಮನೆಯ ಒಂದೊಂದು ಮೂಲೆಯನ್ನೂ ಹೀಗೆ ನೋಡುತ್ತ ಬಂದರೆ ಹಸಿವು ಬೇರೆಬೇರೆ. ಗೋಡೆ ಗಡಿಯಾರದ್ದು ಹಕ್ಕಿಯ ಹಸಿವು. ಅದಕ್ಕೆ ಬಿಸಾಡುವ ಮಾಮೂಲಿ ಶೆಲ್ಲೇ ವರ್ಷಗಟ್ಟಲೆ ಬರುತ್ತದೆ, ರೀಚಾರ್ಜಿನ ಗೊಡವೆ ಬೇಡ. ರಿಮೋಟಿಗೆ ಎರಡೂ ನಡೆಯುತ್ತವೆ. ಆಲ್ಕಲೈನ್ ಹಾಕಿ ಮರೆತರೆ ಒಂದು ದಿನ ಅದು ಕಾರಿ, ಸ್ಪ್ರಿಂಗಿನ ಮೇಲೆ ಬಿಳಿ ಉಪ್ಪು ಕಟ್ಟುತ್ತದೆ. ರೀಚಾರ್ಜ್ ಶೆಲ್ಲಿಗೆ ಆ ರೋಗ ಕಡಿಮೆ. ಗ್ಯಾಸ್ ಗೀಸರಿನ ಕಿಡಿಗೆ ಬೇಕಾದ ಎರಡು ದಪ್ಪ ಶೆಲ್ಲುಗಳು ಆಲ್ಕಲೈನೇ ಆದರೆ ನೆಮ್ಮದಿ. ಆಟಿಕೆ, ಟಾರ್ಚು, ವೈರ್‌ಲೆಸ್ ಮೌಸು, ತೂಕದ ಯಂತ್ರ, ಇವೆಲ್ಲ 2000ದ ಸೋರದ ಶೆಲ್ಲಿನ ಗಿರಾಕಿಗಳು. ಬಿ.ಪಿ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ರೀಚಾರ್ಜ್ ಶೆಲ್ಲು ಬೇಡವೆಂದಿದ್ದರೆ ಅದನ್ನೇ ಪಾಲಿಸಿ, ಇಲ್ಲದಿದ್ದರೆ ಅದಕ್ಕೂ ಇದೇ.

ತುಳಸಿಕಟ್ಟೆಯ ಬಳಿ ನೆಡುವ ಸೋಲಾರ್ ದೀಪದ ಕಥೆ ಸ್ವಾರಸ್ಯದ್ದು. ಅದರೊಳಗೂ ಒಂದು ಪೆನ್ಸಿಲ್ ಸೆಲ್ಲಿರುತ್ತದೆ, ಸಾಮಾನ್ಯವಾಗಿ 600ರ ಸಣ್ಣದು. ಅದು ಸತ್ತಾಗ 2500ರದ್ದು ಹಾಕಿದರೆ ರಾತ್ರಿಯಿಡೀ ಉರಿದೀತೆಂದು ನಮ್ಮ ಆಸೆ. ಉರಿಯುವುದಿಲ್ಲ. ಅಂಗೈಯಗಲದ ಆ ಫಲಕ 50 ಮಿಲಿ ಆಂಪಿಯರಿನಂತೆ ಆರು ಗಂಟೆ ದುಡಿದರೂ ಗಳಿಸುವುದು 300. ಸಂಪಾದನೆ ಮುನ್ನೂರಿದ್ದಾಗ ಎರಡೂವರೆ ಸಾವಿರದ ತಿಜೋರಿ ತಂದರೆ ಹಣ ಬೆಳೆಯುವುದಿಲ್ಲ. ಅಲ್ಲಿಗೆ ಸಣ್ಣ ಹೊಟ್ಟೆಯ, ದೀರ್ಘಾಯುಷ್ಯದ ಶೆಲ್ಲೇ ಸರಿ.

ಅನ್ನ ಬಡಿಸುವ ಕೈ

ಎಂಥ ಒಳ್ಳೆಯ ಶೆಲ್ಲು ತಂದರೂ ಅದರ ಹಣೆಬರಹ ಬರೆಯುವುದು ಚಾರ್ಜರು. ಶೆಲ್ಲು ತುಂಬಿದ ಮೇಲೂ ಕರೆಂಟು ಹರಿಯುತ್ತಿದ್ದರೆ ಅದೆಲ್ಲ ಬಿಸಿಯಾಗಿ ಬದಲಾಗುತ್ತದೆ, ಆ ಬಿಸಿಯೇ ಶೆಲ್ಲನ್ನು ಒಣಗಿಸುವುದು. ಪೂರ್ತಿ ತುಂಬಿದ ಕ್ಷಣದಲ್ಲಿ ಶೆಲ್ಲಿನ ವೋಲ್ಟೇಜು ಸಾವಿರದ ಲೆಕ್ಕದಲ್ಲಿ ಕೆಲವೇ ಪಾಲು ಕೆಳಗಿಳಿಯುತ್ತದೆ. ಜಾಣ ಚಾರ್ಜರು ಆ ಸಣ್ಣ ಇಳಿತವನ್ನು ಹಿಡಿದು ನಿಲ್ಲಿಸುತ್ತದೆ. ಅಗ್ಗದ ಚಾರ್ಜರಿಗೆ ಅದು ಗೊತ್ತಾಗುವುದಿಲ್ಲ. ಅದು ಗಡಿಯಾರ ನೋಡಿ ಬಡಿಸುತ್ತದೆ, ಹೊಟ್ಟೆ ನೋಡಿ ಅಲ್ಲ. ನಮ್ಮ ಕಡೆ ಇದಕ್ಕೊಂದು ಊರಿನ ಶಾಪವೂ ಸೇರುತ್ತದೆ. ಕರೆಂಟು ಹೋಗಿ ಬಂದಾಗಲೆಲ್ಲ ಇಂಥ ಚಾರ್ಜರಿನ ಗಡಿಯಾರ ಮೊದಲಿನಿಂದ ಶುರುವಾಗುತ್ತದೆ. ಒಂದೇ ರಾತ್ರಿ ಮೂರು ಸಲ ಕರೆಂಟು ಹೋದರೆ ಪಾಪದ ಶೆಲ್ಲು ಉಂಡ ಮೇಲೆ ಮತ್ತೆ ಮತ್ತೆ ಉಣ್ಣಬೇಕು. ಕಂಠಮಟ್ಟ ತುಂಬಿದ ದೊಡ್ಡ ಶೆಲ್ಲು ಈ ಹಿಂಸೆಯನ್ನು ಎಲ್ಲಕ್ಕಿಂತ ಕಡಿಮೆ ತಾಳುತ್ತದೆ.

ಹಾಗಾಗಿ ಪ್ರತಿ ಶೆಲ್ಲನ್ನೂ ಬೇರೆಬೇರೆಯಾಗಿ ನೋಡಿಕೊಳ್ಳುವ, ತುಂಬಿದೊಡನೆ ತಾನೇ ನಿಲ್ಲುವ ಚಾರ್ಜರು ಕೊಳ್ಳಿ. ದೊಡ್ಡ ಶೆಲ್ಲು ಕೊಳ್ಳದೆ ಉಳಿಸಿದ ದುಡ್ಡು ಇಲ್ಲಿ ಸದುಪಯೋಗವಾಗುತ್ತದೆ. ಕರೆಂಟಿನ ಖರ್ಚಿನ ಚಿಂತೆ ಬೇಡ. ಒಂದು ಶೆಲ್ಲು ಹಿಡಿಯುವುದು 2.4 ವ್ಯಾಟ್ ಗಂಟೆ. ಪೋಲಾಗುವುದೂ ಸೇರಿ 5 ಎಂದೇ ಹಿಡಿದರೂ ಒಂದು ಯೂನಿಟ್ಟಿನಲ್ಲಿ 200 ಶೆಲ್ಲು ತುಂಬುತ್ತವೆ. ಯೂನಿಟ್ಟಿಗೆ ಏಳು ರೂಪಾಯಿಯಾದರೆ ಒಂದಕ್ಕೆ ಮೂರೂವರೆ ಪೈಸೆ. ಗೃಹಜ್ಯೋತಿಯ ಉಚಿತ ಕರೆಂಟಿನ ಮನೆಯಲ್ಲಿ ಅದೂ ಇಲ್ಲ.

"ಪೂರ್ತಿ ಖಾಲಿಯಾಗದೆ ಚಾರ್ಜಿಗೆ ಹಾಕಬಾರದು" ಎಂಬ ಉಪದೇಶ ಅಜ್ಜ ನಿಕಲ್ ಕ್ಯಾಡ್ಮಿಯಮ್ಮಿನ ಕಾಲದ್ದು. ಮೆಟಲ್ ಹೈಡ್ರೈಡಿಗೆ ಅದು ಬೇಕಿಲ್ಲ. ತಳಮಟ್ಟ ಖಾಲಿ ಮಾಡದಿರುವುದೇ ಅದಕ್ಕೆ ಹಿತ. 1997ರ ಕೊನೆಯಲ್ಲಿ ಜಪಾನಿನಲ್ಲಿ ಬಂದ ಟೊಯೋಟಾ ಪ್ರಿಯಸ್ ಕಾರು ಇದೇ ಜಾತಿಯ ಬ್ಯಾಟರಿಯಲ್ಲಿ ವರ್ಷಾನುಗಟ್ಟಲೆ ಓಡಿತು. ನಮ್ಮ ಬಿಡದಿಯ ಕಾರ್ಖಾನೆಯಿಂದ ಹೊರಬರುವ ಇನ್ನೋವಾ ಹೈಕ್ರಾಸಿನ ಹೈಬ್ರಿಡ್ ಮಾದರಿಯಲ್ಲೂ ಇರುವುದು ನಿಕಲ್ ಮೆಟಲ್ ಹೈಡ್ರೈಡೇ. ಅಂಥ ಕಾರಿನ ಬ್ಯಾಟರಿ ದೀರ್ಘಾಯುಷಿಯಾಗುವುದರ ಗುಟ್ಟು, ಅದನ್ನು ಪೂರ್ತಿ ತುಂಬಿಸುವುದೂ ಇಲ್ಲ, ಪೂರ್ತಿ ಬರಿದು ಮಾಡುವುದೂ ಇಲ್ಲ, ನಡುಮಟ್ಟದಲ್ಲೇ ಆಡಿಸುತ್ತಿರುತ್ತಾರೆ.

ಇನ್ನೊಂದು ನಿಯಮವನ್ನು ಎತ್ತು ಕಟ್ಟಿದವರು ನನಗಿಂತ ಚೆನ್ನಾಗಿ ಬಲ್ಲರು. ಹೊಸ ಎತ್ತನ್ನೂ ಮುದಿ ಎತ್ತನ್ನೂ ಒಂದೇ ನೊಗಕ್ಕೆ ಹೂಡಬಾರದು. 2000ದ ಶೆಲ್ಲಿನ ಜೊತೆ 2500ರದ್ದನ್ನು, ಹಳೆಯದರ ಜೊತೆ ಹೊಸದನ್ನು ಒಂದೇ ಯಂತ್ರಕ್ಕೆ ಹಾಕಿದರೆ ಬಡಪಾಯಿ ಮೊದಲು ಖಾಲಿಯಾಗುತ್ತದೆ. ಆಮೇಲೂ ಉಳಿದವು ಅದರ ಮೂಲಕ ಕರೆಂಟನ್ನು ತಳ್ಳುತ್ತಲೇ ಇದ್ದು, ಅದರ ಧ್ರುವಗಳನ್ನೇ ತಿರುಗಾಮುರುಗಾ ಮಾಡಿ ಶಾಶ್ವತವಾಗಿ ಕೆಡಿಸುತ್ತವೆ. ಒಟ್ಟಿಗೆ ಕೊಂಡದ್ದನ್ನು ಒಟ್ಟಿಗೇ ದುಡಿಸಿ, ಒಟ್ಟಿಗೇ ಚಾರ್ಜ್ ಮಾಡಿ.

ಅಂಗಡಿಯ ಬಲೆಗಳು

ಆನ್‌ಲೈನಿನಲ್ಲಿ 4000, 4800 ಎಂಬ ಪೆನ್ಸಿಲ್ ಸೆಲ್ಲುಗಳೂ ಕಣ್ಣಿಗೆ ಬೀಳುತ್ತವೆ. ಮೆಟಲ್ ಹೈಡ್ರೈಡಿನಲ್ಲಿ ಈ ಡಬ್ಬಿಗೆ 2700–2800ರ ಮೇಲೆ ಹಿಡಿಸುವುದು ಬಲು ಕಷ್ಟ. 4800 ಬರೆಯಲು ಬೇಕಾದದ್ದು ಶಾಯಿ ಮಾತ್ರ. ಅನುಮಾನ ಬಂದರೆ ಅಡುಗೆಮನೆಯ ತಕ್ಕಡಿಗೆ ಹಾಕಿ. ಒಳ್ಳೆಯ ಸಾಧಾರಣ ಶೆಲ್ಲು 26–27 ಗ್ರಾಂ ತೂಗುತ್ತದೆ, 2500ರದ್ದು 30ರ ಹತ್ತಿರ. ಸಂಖ್ಯೆ ಭಾರಿಯಾಗಿದ್ದು ಶೆಲ್ಲು ಹಗುರವಾಗಿದ್ದರೆ ಒಳಗೆ ಸರಕಿಲ್ಲ.

ಎರಡನೆಯದು ಈಚೆಗೆ ಬಂದ 1.5 ವೋಲ್ಟಿನ ಲಿಥಿಯಂ ರೀಚಾರ್ಜ್ ಶೆಲ್ಲು. ಇದು ಮೋಸದ ಮಾಲಲ್ಲ, ಆದರೆ ಅದರ ಮೇಲಿನ ಸಂಖ್ಯೆ ಬೇರೆ ಭಾಷೆಯದು. 3000 ಎಂ.ಡಬ್ಲ್ಯೂ.ಎಚ್. ಎಂದಿದ್ದರೆ ಅದು ಮಿಲಿ ವ್ಯಾಟ್ ಗಂಟೆ. ಅದನ್ನು 1.5ರಿಂದ ಭಾಗಿಸಿದರೆ 2000 ಎಂ.ಎ.ಎಚ್. ನಮ್ಮ 2000ದ ಸಾಧಾರಣ ಶೆಲ್ಲನ್ನು ಅದೇ ಭಾಷೆಯಲ್ಲಿ ಹೇಳಿದರೆ 2400. ಇಂಚನ್ನೂ ಸೆಂಟಿಮೀಟರನ್ನೂ ಪಕ್ಕಪಕ್ಕ ಇಟ್ಟು ಉದ್ದ ಅಳೆದ ಹಾಗಾಗಬಾರದು. 1.5 ವೋಲ್ಟೇ ಬೇಕೆನ್ನುವ ಹಟಮಾರಿ ಯಂತ್ರಗಳಿಗೆ ಲಿಥಿಯಂ ಒಳ್ಳೆಯದು. ಆದರೆ ಕೊನೆಯ ಕ್ಷಣದವರೆಗೂ 1.5 ತೋರಿಸಿ ದಿಢೀರನೆ ಕೈ ಎತ್ತುತ್ತದೆ, ಮುನ್ಸೂಚನೆ ಕೊಡುವುದಿಲ್ಲ. ಅದರ ಒಳಗಿನ ಸರ್ಕ್ಯೂಟಿನಿಂದ ಮೀಡಿಯಂ ವೇವ್ ರೇಡಿಯೊದಲ್ಲಿ ಗೊರಗೊರ ಸದ್ದೂ ಬರಬಹುದು, ಬೆಳಗ್ಗೆ ಆಕಾಶವಾಣಿ ಹಚ್ಚುವವರು ಗಮನಿಸಿ. ಅದನ್ನು ಅದರದ್ದೇ ಚಾರ್ಜರಿನಲ್ಲಿ ಹಾಕಬೇಕು, ಮೆಟಲ್ ಹೈಡ್ರೈಡಿನ ಚಾರ್ಜರಿಗೆ ತಪ್ಪಿಯೂ ಹಾಕಬಾರದು.

ಸತ್ತ ಮೇಲೆ

ನಾವು ಚಿಕ್ಕವರಿದ್ದಾಗ ಟಾರ್ಚಿನ ಶೆಲ್ಲು ಸುಲಭಕ್ಕೆ ಸಾಯುತ್ತಿರಲಿಲ್ಲ. ಮಂಕಾದರೆ ಅಜ್ಜ ಹಂಚಿನ ಮೇಲೆ ಬಿಸಿಲಿಗಿಡುತ್ತಿದ್ದ. ಶಾಖಕ್ಕೆ ಒಳಗಿನ ರಸಾಯನ ಚುರುಕಾಗಿ ಇನ್ನೆರಡು ದಿನ ಬೆಳಕು ಬರುತ್ತಿತ್ತು. ಅದೂ ಮುಗಿದ ಮೇಲೆ ಕಲ್ಲಲ್ಲಿ ಜಜ್ಜಿ ನಾವು ಕರಿಯ ಕಡ್ಡಿ ತೆಗೆದುಕೊಂಡರೆ, ಅಜ್ಜಿ ಒಳಗಿನ ಕಪ್ಪು ಪುಡಿಯನ್ನು ಸಗಣಿಗೆ ಕಲಸಿ ನೆಲ ಸಾರಿಸುತ್ತಿದ್ದಳು. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಅಂದು ಅದು ಜಾಣತನ, ಅಪಾಯ ಯಾರಿಗೂ ಗೊತ್ತಿರಲಿಲ್ಲ.

ರೀಚಾರ್ಜ್ ಶೆಲ್ಲಿನ ಹತ್ತಿರ ಆ ಆಟ ಬೇಡ. ಒಳಗಿರುವುದು ಕಟುಕ್ಷಾರ ಮತ್ತು ನಿಕಲ್. 2016ರ ಘನತ್ಯಾಜ್ಯ ನಿಯಮಗಳು ಹಳೆಯ ಬ್ಯಾಟರಿಯನ್ನು ಮನೆಯ ಅಪಾಯಕಾರಿ ಕಸವೆಂದು ಹೆಸರಿಸಿದ್ದವು. 2022ರ ಆಗಸ್ಟಿನಲ್ಲಿ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಅದನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಶೆಲ್ಲಿನ ಮೇಲೆ ಅಡ್ಡಗೆರೆ ಎಳೆದ ಕಸದ ಡಬ್ಬಿಯ ಚಿತ್ರವಿರುವುದು ಅದಕ್ಕೇ. ಹಸಿಕಸ ಒಣಕಸ ಎರಡಕ್ಕೂ ಸೇರಿಸದೆ ಬೇರೆ ಡಬ್ಬಿಯಲ್ಲಿ ಕೂಡಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಬೇಕು. ಒಂದು ಶೆಲ್ಲು ನೂರಾರು ಸಲ ದುಡಿದರೆ ಆ ಡಬ್ಬಿ ತುಂಬಲು ವರ್ಷಗಳೇ ಬೇಕು.

ನಮ್ಮ ಮನೆಯ ಆ ಡಬ್ಬಿಯಲ್ಲಿ ಈಗ ನಾಲ್ಕು ಶೆಲ್ಲುಗಳಿವೆ, ನಾಲ್ಕರ ಮೇಲೂ 2700 ಎಂದಿದೆ. ಬಿ.ಪಿ. ಯಂತ್ರಕ್ಕೆ 2000ದ ಸೋರದ ಶೆಲ್ಲು ಬಂದು ಏಳು ತಿಂಗಳಾಯಿತು. ಹಾಕುವ ಮುನ್ನ ಅಮ್ಮ ನಾಲ್ಕನ್ನೂ ಕೈಯಲ್ಲಿ ಹಿಡಿದು ನೋಡಿದಳು. ಸಂಖ್ಯೆ ಎಷ್ಟೆಂದು ಕೇಳಲಿಲ್ಲ. ಮಗಳ ಮಾರ್ಕರ್ ಪೆನ್ನು ಇಸಿದುಕೊಂಡು, ಉಪ್ಪಿನಕಾಯಿ ಭರಣಿಗೆ ಚೀಟಿ ಅಂಟಿಸುವ ಶ್ರದ್ಧೆಯಲ್ಲಿ, ಒಂದೊಂದರ ಮೈಮೇಲೂ ಅಂದಿನ ತಾರೀಖು ಬರೆದಳು.